ಪುರಸವಾಕ್ಕಂನಿಂದ ಆಗುಂಬೆಗೆ

ಹಿಂದಿ ಕೇಳಿದರೆ ಮದ್ರಾಸು ಮುಖ ತಿರುಗಿಸುತ್ತಿದ್ದ ಕಾಲ. 1965ರ ಹಿಂದಿ ವಿರೋಧಿ ಚಳವಳಿಯ ಬಿಸಿ ಇನ್ನೂ ಪೂರ್ತಿ ಆರಿರಲಿಲ್ಲ. ರಾತ್ರಿ ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತೆಂದರೆ ಎಷ್ಟೋ ಮನೆಗಳಲ್ಲಿ ಡಯನೋರಾ, ಸಾಲಿಡೇರ್ ಟೀವಿಗಳ ಮರದ ಬಾಗಿಲು ಎಳೆದು ಊಟಕ್ಕೆ ಏಳುತ್ತಿದ್ದರು. (ಎರಡೂ ಮದ್ರಾಸಿನವೇ ಕಂಪನಿಗಳು, ಬೀಗ ಹಾಕುವ ಬಾಗಿಲಿನ ಟೀವಿ ಆಗ ಮನೆಯ ಘನತೆಯ ಗುರುತು.) 1984ರ ‘ಹಮ್ ಲೋಗ್’ ಉತ್ತರ ಭಾರತವನ್ನು ಕೂತಲ್ಲೇ ಕೂರಿಸಿತು, ದಕ್ಷಿಣದ ನಗರಗಳಲ್ಲಿ ಅಷ್ಟು ಜನ ಅದರ ಗೊಡವೆಗೆ ಹೋಗಲಿಲ್ಲ. ಮಾತೇ ತಿಳಿಯದಿದ್ದರೆ ಕಥೆಯಲ್ಲಿ ಯಾರ ಮನೆ ಮುಳುಗಿದರೇನು?

1986ರಲ್ಲಿ ಬಂದ ಒಂದು ಧಾರಾವಾಹಿಗೆ ಮಾತ್ರ ಈ ಲೆಕ್ಕ ಹಿಡಿಯಲಿಲ್ಲ. ಅದೂ ಹಿಂದಿಯದೇ. ಆದರೆ ಅದರ ಶೀರ್ಷಿಕೆಯ ಹೊತ್ತಿನಲ್ಲಿ ಹಿಂದಿಯೂ ಇರಲಿಲ್ಲ, ಇನ್ಯಾವ ಭಾಷೆಯೂ ಇರಲಿಲ್ಲ. ಯಾರೋ ಕೆಲಸ ಮಾಡುತ್ತಾ ತಮ್ಮಷ್ಟಕ್ಕೆ ಗುನುಗಿಕೊಂಡಂಥ ಒಂದು ರಾಗ. ಜೊತೆಗೆ ಗೆರೆಯಲ್ಲಿ ಮೂಡಿದ ಬೀದಿ, ಮನೆ, ಜನ. ಅದು ‘ಮಾಲ್ಗುಡಿ ಡೇಸ್’.

ಮನಸ್ಸಿಗೆ ಹಿತ ಕೊಡುವ ಟೀವಿ ಕಾರ್ಯಕ್ರಮ ಯಾವುದೆಂದು ಕೇಳಿದರೆ, ದೂರದರ್ಶನದ ಕಾಲ ಕಂಡವರಲ್ಲಿ ಬಹಳ ಜನ ಹೇಳುವ ಹೆಸರು ಇದು. ಏಕೆ ಹಿತ ಎಂದು ಮರುಪ್ರಶ್ನೆ ಹಾಕಿದರೆ ಉತ್ತರ ತಡವರಿಸುತ್ತದೆ: ಹಳೆಯ ಕಾಲ, ಹಳ್ಳಿಯ ಚಿತ್ರ, ಮುಗ್ಧತೆ. ಇವುಗಳಲ್ಲಿ ಒಂದೂ ಪೂರ್ತಿ ನಿಜವಲ್ಲ. ಮಾಲ್ಗುಡಿ ಹಳ್ಳಿಯಲ್ಲ, ಹೈಸ್ಕೂಲು, ಕಾಲೇಜು, ರೈಲು ನಿಲ್ದಾಣ, ಮುನಿಸಿಪಾಲಿಟಿ ಇರುವ ಊರು. ಅಲ್ಲಿನ ಜನ ಮುಗ್ಧರೂ ಅಲ್ಲ. ಸುಳ್ಳು ಹೇಳುತ್ತಾರೆ, ಜೇಬು ಕತ್ತರಿಸುತ್ತಾರೆ, ಬಡ್ಡಿ ಲೆಕ್ಕ ಹಾಕುತ್ತಾರೆ. ಆ ಊರಿನ ಹಿತದ ಗುಟ್ಟು ಅದನ್ನು ಕಟ್ಟಿದ ರೀತಿಯಲ್ಲಿದೆ. ಕಟ್ಟಲು ಐವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಸಾಮಗ್ರಿ ಮದ್ರಾಸಿನದೂ ಇತ್ತು, ಮೈಸೂರಿನದೂ ಇತ್ತು, ಕೊನೆಗೆ ಮಲೆನಾಡಿನದೂ ಸೇರಿತು.

ಮಾಲ್ಗುಡಿಯನ್ನು ಕಲ್ಪಿಸಿದ ಲೇಖಕ ಆರ್.ಕೆ. ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದ್ರಾಸಿನಲ್ಲಿ. ತಂದೆ ಮೈಸೂರು ಸಂಸ್ಥಾನದಲ್ಲಿ ಮೇಷ್ಟರು. ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗವಾಗುತ್ತಿದ್ದುದರಿಂದ ಮಗು ಬೆಳೆದದ್ದು ಪುರಸವಾಕ್ಕಂನ ವೆಳ್ಳಾಳ ಬೀದಿಯಲ್ಲಿ, ಅಜ್ಜಿಯ ಮನೆಯಲ್ಲಿ. ತಮ್ಮ ಆತ್ಮಕಥೆ ‘ಮೈ ಡೇಸ್’ನಲ್ಲಿ ನಾರಾಯಣ್ ಬರೆದಿರುವ ಆ ಮನೆಯಲ್ಲಿ ಒಂದು ನವಿಲಿದೆ, ಒಂದು ಮಂಗವಿದೆ, ಮಾವ ಇದ್ದಾರೆ, ಎಲ್ಲಕ್ಕಿಂತ ಮೇಲೆ ಅಜ್ಜಿ ಇದ್ದಾರೆ. ಅಮ್ಮಣಿ ಎಂದು ಕರೆಯಲ್ಪಡುತ್ತಿದ್ದ ಆ ಅಜ್ಜಿ ಹುಡುಗನಿಗೆ ಲೆಕ್ಕ, ಪುರಾಣ, ಶ್ಲೋಕ, ಸಂಗೀತ ಎಲ್ಲವನ್ನೂ ಪಾಠ ಮಾಡಿದರು. ಅಪ್ಪ ಅಮ್ಮ ದೂರ, ಅಜ್ಜಿ ಹತ್ತಿರ. ಬಾಗಿಲಾಚೆ ಸದಾ ಏನಾದರೊಂದು ನಡೆಯುತ್ತಿರುವ ಬೀದಿ. ಮುಂದೆ ಟೀವಿಯಲ್ಲಿ ಮಾಲ್ಗುಡಿಯ ಶಾಲಾಹುಡುಗ ಸ್ವಾಮಿ ತನ್ನ ಸ್ನೇಹಿತ ರಾಜಂನ ಪ್ರತಾಪವನ್ನು ಅಜ್ಜಿಯ ಮುಂದೆ ಕೊಚ್ಚಿಕೊಂಡಾಗ, ಆಕೆ ಹಳೆಯ ಕಾಲದ ಇನ್ಯಾರದೋ ಕಥೆ ತೆಗೆದು ಅವನನ್ನು ರೇಗಿಸುತ್ತಾಳೆ. ಆ ಅಜ್ಜಿಯ ಮೂಲ ಹುಡುಕಲು ಧಾರಾವಾಹಿಯ ಚಿತ್ರೀಕರಣ ನಡೆದ ಮಲೆನಾಡಿನ ಆಗುಂಬೆಗೆ ಹೋಗಬೇಕಿಲ್ಲ, ಎಗ್ಮೋರಿನಿಂದ ಉತ್ತರಕ್ಕೆ ಸ್ವಲ್ಪ ದೂರ ನಡೆದರೆ ಸಾಕು.

ಶಾಲೆಯೂ ಅಲ್ಲಿನದೇ. ಪುರಸವಾಕ್ಕಂನ ಲೂಥರನ್ ಮಿಷನ್ ಶಾಲೆಯಲ್ಲಿ ಬೈಬಲ್ ಪಾಠದ ಹೊತ್ತಿಗೆ ಮೇಷ್ಟರು ಹಿಂದೂ ದೇವರುಗಳನ್ನು ಗೇಲಿ ಮಾಡುತ್ತಿದ್ದರೆಂದು ನಾರಾಯಣ್ ನೆನೆದಿದ್ದಾರೆ. ಅದೇ ಮೇಷ್ಟರು ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಎಬೆನೆಜರ್ ಆಗಿ ಬಂದು ಸ್ವಾಮಿಯ ಕಿವಿ ಹಿಂಡುತ್ತಾರೆ, ಸ್ವಾಮಿಯ ಅಪ್ಪ ಹೆಡ್‌ಮಾಸ್ಟರಿಗೆ ಕಾಗದ ಬರೆಯುತ್ತಾರೆ. ಧಾರಾವಾಹಿಯಲ್ಲಿ ಆ ಅಪ್ಪ ಗಿರೀಶ್ ಕಾರ್ನಾಡ್. ಹೀಗೆ ಮದ್ರಾಸಿನ ಒಬ್ಬ ಬಾಲಕ ತಿಂದ ಅವಮಾನವೊಂದು ಎಪ್ಪತ್ತು ವರ್ಷಗಳ ಮೇಲೆ, ಮಲೆನಾಡಿನಲ್ಲಿ, ಕೊಂಕಣಿ ಮನೆಮಾತಿನ ಕನ್ನಡ ನಾಟಕಕಾರನ ಬಾಯಲ್ಲಿ, ಹಿಂದಿಯಲ್ಲಿ ತೀರಿತು.

ರಜೆ ಬಂದರೆ ಮದ್ರಾಸಿನಿಂದ ಮೈಸೂರು ಸೀಮೆಗೆ ರೈಲು ಪ್ರಯಾಣ. ಅಪ್ಪ ಅಮ್ಮ ಇದ್ದ ಚನ್ನಪಟ್ಟಣಕ್ಕೆ. ಅಪ್ಪ ಮೈಸೂರಿನ ಮಹಾರಾಜಾ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಹೋದ ಮೇಲೆ ಹುಡುಗನೂ ಅಲ್ಲಿಗೇ ಸೇರಿದ. ಮುಂದೆ ಇಂಗ್ಲಿಷಿನಲ್ಲಿ ಬರೆದು ಬದುಕಿದ ಈ ಮನುಷ್ಯ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿಗೇ ನಪಾಸಾದದ್ದು ಮೈಸೂರಿಗರು ಇಂದಿಗೂ ಸವಿಯುವ ಸಂಗತಿ. 1930ರ ವಿಜಯದಶಮಿಯ ದಿನ, ಬೆಂಗಳೂರಿನಲ್ಲಿ, ಹೊಸ ನೋಟುಬುಕ್ಕು ತೆರೆದು ಕೂತಾಗ ಅವರಿಗೆ ಮೊದಲು ಕಂಡದ್ದು ಒಂದು ರೈಲು ನಿಲ್ದಾಣ. ಊರು ಆಮೇಲೆ ಬಂತು, ಜನ ಆಮೇಲೆ ಬಂದರು. ಮನೆ ಒಂದು ಕಡೆ, ಅಪ್ಪ ಅಮ್ಮ ಇನ್ನೊಂದು ಕಡೆ ಇದ್ದ ಹುಡುಗನಿಗೆ ರೈಲು ನಿಲ್ದಾಣವೇ ಮೊದಲು ಕಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಮಾಲ್ಗುಡಿ ಹುಟ್ಟಿದ್ದು ಮೈಸೂರು ಸೀಮೆಯಲ್ಲಿ, ಓದುಗರು ಸಿಕ್ಕಿದ್ದು ಮದ್ರಾಸಿನಲ್ಲಿ. ನಾರಾಯಣ್ ಆರಂಭದ ದಿನಗಳಲ್ಲಿ ‘ಜಸ್ಟಿಸ್’ ಎಂಬ ಮದ್ರಾಸು ಪತ್ರಿಕೆಗೆ ಮೈಸೂರಿನಿಂದ ಸುದ್ದಿ ಕಳಿಸಿ ಹೊಟ್ಟೆ ಹೊರೆದರು. ಅದು ಬ್ರಾಹ್ಮಣೇತರ ಚಳವಳಿಯ ಪತ್ರಿಕೆ. ಒಬ್ಬ ಅಯ್ಯರ್ ಹುಡುಗ ಅದರ ವರದಿಗಾರನಾದದ್ದು ಆ ಕಾಲದ ತಮಾಷೆಗಳಲ್ಲೊಂದು. ಆಮೇಲೆ ಕಥೆಗಳು ‘ದಿ ಹಿಂದೂ’ವಿನಲ್ಲಿ ಬರತೊಡಗಿದವು. ಅವಕ್ಕೆ ಚಿತ್ರ ಬರೆದದ್ದು ತಮ್ಮ ಲಕ್ಷ್ಮಣ್, ಇನ್ನೂ ವಿದ್ಯಾರ್ಥಿ. ಧಾರಾವಾಹಿಯ ಶೀರ್ಷಿಕೆಯಲ್ಲಿ ಆರ್.ಕೆ. ಲಕ್ಷ್ಮಣರ ಗೆರೆಗಳನ್ನು ಕಂಡು ಎಂಥ ಹೊಸ ಯೋಚನೆ ಎಂದು ಮೆಚ್ಚಿಕೊಂಡವರಿದ್ದಾರೆ. ಅದು ಹೊಸದಾಗಿರಲಿಲ್ಲ. ಅಣ್ಣನ ಕಥೆಗೆ ತಮ್ಮನ ಚಿತ್ರ ಎಂಬ ಜೋಡಿಯನ್ನು ಮದ್ರಾಸಿನ ಓದುಗರು ಸ್ವಾತಂತ್ರ್ಯಕ್ಕೆ ಮೊದಲೇ ಕಂಡಿದ್ದರು. ಟೀವಿ ಅದಕ್ಕೆ ಚಲನೆ ಕೊಟ್ಟಿತು, ಅಷ್ಟೇ.

ಮದ್ರಾಸು ಇನ್ನೊಂದು ಬಗೆಯ ಸಮಾಧಾನವನ್ನೂ ನಾರಾಯಣರಿಗೆ ಕೊಟ್ಟಿತು. 1939ರಲ್ಲಿ ಹೆಂಡತಿ ರಾಜಂ ಟೈಫಾಯ್ಡಿನಿಂದ ತೀರಿಕೊಂಡರು. ಮಗಳು ಇನ್ನೂ ಚಿಕ್ಕವಳು. ಬರವಣಿಗೆ ನಿಂತಿತು. ಆಗ ಮದ್ರಾಸಿನಲ್ಲಿ ವಕೀಲರೊಬ್ಬರ ಪರಿಚಯವಾಯಿತು. ಅವರು ಕಣ್ಣು ಮುಚ್ಚಿ ಪೆನ್ಸಿಲ್ ಹಿಡಿದು, ತೀರಿಹೋದವರ ಸಂದೇಶವೆಂದು ನಂಬಲಾದದ್ದನ್ನು ಬರೆದುಕೊಡುತ್ತಿದ್ದರು. ಅದು ನಿಜವೋ ಭ್ರಮೆಯೋ ಎಂಬ ವಾದಕ್ಕೆ ನಾರಾಯಣ್ ಹೆಚ್ಚು ಇಳಿಯಲಿಲ್ಲ. ಅದರಿಂದ ಅವರು ಮತ್ತೆ ಮೇಜಿನ ಮುಂದೆ ಕೂತರು. 1945ರಲ್ಲಿ ‘ದಿ ಇಂಗ್ಲಿಷ್ ಟೀಚರ್’ ಬಂತು. ಮಾಲ್ಗುಡಿಯ ಹಗುರ ಎಂದು ಜನ ಮೆಚ್ಚಿಕೊಳ್ಳುವ ಗುಣ ಇಂಥ ಭಾರವನ್ನು ಹೊತ್ತ ಮೇಲಿನದು ಎಂಬುದನ್ನು ಮರೆಯಬಾರದು.

ಸಿನಿಮಾದ ಬಾಗಿಲು ತೆರೆದದ್ದೂ ಮದ್ರಾಸೇ. ಜೆಮಿನಿ ಸ್ಟುಡಿಯೋದ ಎಸ್.ಎಸ್. ವಾಸನ್ 1947ರಲ್ಲಿ ನಾರಾಯಣರ ಕಥೆಯಿಂದ ‘ಮಿಸ್ ಮಾಲಿನಿ’ ಎಂಬ ತಮಿಳು ಚಿತ್ರ ತೆಗೆದರು, 1952ರಲ್ಲಿ ಹಿಂದಿಯಲ್ಲಿ ‘ಮಿಸ್ಟರ್ ಸಂಪತ್’. ಇವುಗಳಿಗಿಂತ ಈ ಕಥೆಗೆ ಮುಖ್ಯವಾದದ್ದು ಮೂರನೆಯದು, ಬೊಂಬಾಯಿಯ ‘ಗೈಡ್’. 1965ರ ಆ ಚಿತ್ರವನ್ನು ದೇಶವೇ ಕೊಂಡಾಡಿತು. ಕಾದಂಬರಿಕಾರ ನಾರಾಯಣ್ ಒಬ್ಬರೇ ಗೊಣಗಿದರು. ಗೊಣಗಿದ್ದನ್ನು ಒಂದು ಲೇಖನವಾಗಿಯೇ ಬರೆದರು. ಅವರ ಮುಖ್ಯ ದೂರು ನಟನೆಯ ಮೇಲಲ್ಲ, ಹಾಡಿನ ಮೇಲೂ ಅಲ್ಲ. ಊರಿನ ಮೇಲೆ. ಮಾಲ್ಗುಡಿಯನ್ನು ಕಿತ್ತು ರಾಜಸ್ಥಾನದ ಅರಮನೆಗಳ ನಡುವೆ ನೆಟ್ಟುಬಿಟ್ಟಿದ್ದರು. ಬಣ್ಣದ ಪರದೆಗೆ ಅಗಲವಾದ, ವೈಭವದ ದೃಶ್ಯ ಬೇಕಿತ್ತು. ಮಾಲ್ಗುಡಿಯ ಬಳಿ ವೈಭವ ಇರಲಿಲ್ಲ. ಹಿರಿಯ ಲೇಖಕರ ಹಟ ಎಂದು ಅದನ್ನು ಬದಿಗಿಟ್ಟವರೇ ಹೆಚ್ಚು. ಇಪ್ಪತ್ತು ವರ್ಷಗಳ ಮೇಲೆ ‘ಮಾಲ್ಗುಡಿ ಡೇಸ್’ ಗೆದ್ದದ್ದು ನೋಡಿದರೆ ಹಟದಲ್ಲಿ ನ್ಯಾಯವಿತ್ತು ಅನ್ನಿಸುತ್ತದೆ. ಆ ಬರವಣಿಗೆಯಲ್ಲಿ ಊರೇ ನಾಯಕ. ಊರು ಬದಲಿಸಿದರೆ ಕಥೆ ಉಳಿಯಬಹುದು, ಹಿತ ಉಳಿಯುವುದಿಲ್ಲ.

ಕನ್ನಡದವರು ಈ ಊರಿನ ದಾರಿ ಹಿಡಿದದ್ದು ‘ಬ್ಯಾಂಕರ್ ಮಾರ್ಗಯ್ಯ’ನಿಂದ. 1983ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ಆ ಚಿತ್ರ ‘ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್’ ಕಾದಂಬರಿಯದು, ಲೋಕೇಶ್ ಮಾರ್ಗಯ್ಯ. ಅದರ ನಿರ್ಮಾಪಕರಲ್ಲೊಬ್ಬರಾದ ಟಿ.ಎಸ್. ನರಸಿಂಹನ್ ಮುಂದೆ ಮಾಲ್ಗುಡಿಯ ಕಥೆಗಳನ್ನು ದೂರದರ್ಶನಕ್ಕೆ ತರಲು ಹೊರಟರು, ಶಂಕರ್‌ನಾಗ್ ಕೈಗೆ ಕೊಟ್ಟರು. ಶಂಕರ್‌ನಾಗ್‌ಗೆ ಆಗ ಮೂವತ್ತರ ಆಸುಪಾಸು. ಆಟೋ ಓಡಿಸುವ ಹೀರೋ, ರಂಗಭೂಮಿಯ ಹುಚ್ಚ, ಒಂದು ಕೆಲಸ ಮುಗಿಯುವ ಮೊದಲೇ ಮೂರು ಕೆಲಸ ಹಚ್ಚಿಕೊಳ್ಳುವ ಮನುಷ್ಯ. ಇಂಥ ಆತುರಗಾರನ ಕೈಯಿಂದ ಭಾರತದ ಟೀವಿಯ ಅತ್ಯಂತ ನಿಧಾನದ, ಅವಸರವಿಲ್ಲದ ಧಾರಾವಾಹಿ ಹೊರಬಂದದ್ದು ವಿಚಿತ್ರ.

ಜಾಗಕ್ಕೆ ಆಗುಂಬೆ ಸಿಕ್ಕಿತು. ನಾರಾಯಣರ ಮಾಲ್ಗುಡಿಯಲ್ಲಿ ಬೇಸಿಗೆ ಸುಡುತ್ತದೆ, ಸರಯೂ ನದಿಯ ಮರಳು ಕಾಯುತ್ತದೆ. ಮದ್ರಾಸಿನ ಸೆಖೆ ಕಂಡ ಕೈ ಬರೆದದ್ದು ಎಂಬುದು ಅಲ್ಲಲ್ಲಿ ಗೊತ್ತಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ, ಚೆನ್ನೈಗೆ ಬೀಳುವುದು 1,400ರ ಆಸುಪಾಸು. ಭೂಗೋಳದ ಪುಸ್ತಕ ಹಿಡಿದು ನೋಡಿದರೆ ಇದಕ್ಕಿಂತ ತಪ್ಪಾದ ಜಾಗ ಇಲ್ಲ. ಆದರೆ ಅಲ್ಲಿ ದೊಡ್ಡಮನೆ ಇತ್ತು: ನೂರು ವರ್ಷ ದಾಟಿದ ಮರದ ಕಂಬಗಳು, ನಡುವೆ ತೆರೆದ ಅಂಗಳ, ಇಪ್ಪತ್ತು ಜನ ಕೂತರೂ ಇನ್ನಷ್ಟು ಜನಕ್ಕೆ ಎಡೆ ಇರುವ ಜಗುಲಿ. ಊರಿನ ಬೀದಿ ಇತ್ತು, ಹೆಂಚಿನ ಮಾಡುಗಳಿದ್ದವು. ಕಲಾ ನಿರ್ದೇಶಕ ಜಾನ್ ದೇವರಾಜ್ ಅದಕ್ಕೆ ನಾರಾಯಣರ ಕಥೆಯಲ್ಲಿ ಬರುವ ಲಾಲಿಯ ಪ್ರತಿಮೆ ಸೇರಿಸಿದರು, ಬೋರ್ಡುಗಳನ್ನು ಸೇರಿಸಿದರು. ಕ್ಯಾಮೆರಾ ಹಿಂದೆ ಕನ್ನಡದ ಹೊಸ ಅಲೆಯ ಚಿತ್ರಗಳಲ್ಲಿ ಪಳಗಿದ ಎಸ್. ರಾಮಚಂದ್ರ. ರೈಲಿಗೆ ಶಿವಮೊಗ್ಗ ಜಿಲ್ಲೆಯದೇ ಅರಸಾಳು ನಿಲ್ದಾಣ. ಪುರಸವಾಕ್ಕಂನ ಬಿಸಿಲಿನ ಮನೆಗೆ ಮಲೆನಾಡಿನ ನೆರಳು ಬಿದ್ದದ್ದು ಹೀಗೆ. ಓದುವಾಗ ಮಾಲ್ಗುಡಿ ಬೆವರುತ್ತದೆ, ನೋಡುವಾಗ ತಂಪಾಗಿರುತ್ತದೆ.

ಇನ್ನು ಆ ಗುನುಗು. ಸಂಗೀತ ಎಲ್. ವೈದ್ಯನಾಥನ್ ಅವರದು. ಪಿಟೀಲಿನ ಮನೆತನ, ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಇಬ್ಬರೂ ತಮ್ಮಂದಿರು. ತಮ್ಮಂದಿರು ಪಿಟೀಲು ಹಿಡಿದು ಜಗತ್ತು ಸುತ್ತಿದರೆ ಅಣ್ಣ ಮದ್ರಾಸಿನ ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ ಉಳಿದರು. ಕನ್ನಡ ಸಿನಿಮಾ ಬಹುಕಾಲ ಮದ್ರಾಸಿನ ಕೋಡಂಬಾಕ್ಕಂ, ವಡಪಳನಿಗಳಲ್ಲೇ ಬಿಡಾರ ಹೂಡಿತ್ತು, ಅಲ್ಲಿ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದವರಲ್ಲಿ ಇಳಯರಾಜ ಇದ್ದರು, ವೈದ್ಯನಾಥನ್ ಕೂಡ. ಕಾಶೀನಾಥರ ‘ಅಪರಿಚಿತ’, ಶಂಕರ್‌ನಾಗ್ ಅವರದೇ ‘ಒಂದು ಮುತ್ತಿನ ಕಥೆ’, ಮಾತೇ ಇಲ್ಲದ ‘ಪುಷ್ಪಕ ವಿಮಾನ’ ಎಲ್ಲಕ್ಕೂ ಸಂಗೀತ ಅವರದೇ. 1987ರ ಆ ಮೂಕಿ ಚಿತ್ರಕ್ಕೆ ಅವರು ತಕ್ಕವರಾಗಿ ಕಂಡದ್ದು ಸಹಜ. ಮಾತಿಲ್ಲದೆ ಹೇಳುವುದನ್ನು ಅವರು ಆಗಷ್ಟೇ ಟೀವಿಯಲ್ಲಿ ತೋರಿಸಿದ್ದರು.

ಮಾಲ್ಗುಡಿಯ ರಾಗದ ಜಾಣತನ ಅದರ ಗಾತ್ರದಲ್ಲಿದೆ. ಅದೇ ಕಾಲದ ಧಾರಾವಾಹಿಗಳು ಶಂಖ ಊದಿ, ಶ್ಲೋಕ ಹೇಳಿ, ಕಾಲಚಕ್ರ ತಿರುಗಿಸಿ ಬರುತ್ತಿದ್ದವು. ಇದು ಪಕ್ಕದ ಮನೆಯವರಂತೆ ಹಿತ್ತಲಿನಿಂದ ಬರುತ್ತಿತ್ತು. ಹಾಡಲು ಸಾಹಿತ್ಯ ಬೇಡ, ಶ್ರುತಿ ಬೇಡ. ಐದು ವರ್ಷದ ಮಗುವಿಗೂ ಮೂರು ವಾರದಲ್ಲಿ ಬಾಯಿಗೆ ಬರುವಂಥದು. ತಮಿಳರಿಗೆ ಅದು ಹಿಂದಿ ಅನ್ನಿಸಲು ಅವಕಾಶವೇ ಇರಲಿಲ್ಲ. ಕನ್ನಡಿಗರಿಗೂ ಅಷ್ಟೇ. ಕನ್ನಡನಾಡಿನಲ್ಲಿ, ಬಹುಪಾಲು ಕನ್ನಡದ ನಟರಿಂದ, ಕನ್ನಡದ ತಂತ್ರಜ್ಞರಿಂದ ಆದ ಈ ಧಾರಾವಾಹಿ ತಯಾರಾದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಆಗ ಕನ್ನಡದಲ್ಲಿ ಬರಲಿಲ್ಲ. ಅನಂತನಾಗ್, ವಿಷ್ಣುವರ್ಧನ್, ವೈಶಾಲಿ ಕಾಸರವಳ್ಳಿ, ಅರುಂಧತಿ ನಾಗ್, ರಮೇಶ್ ಭಟ್ ಎಲ್ಲರೂ ಆಗುಂಬೆಯ ಜಗುಲಿಯ ಮೇಲೆ ಕೂತು ಹಿಂದಿಯಲ್ಲಿ ಮಾತಾಡುವುದನ್ನು ಕನ್ನಡದ ಮನೆಗಳು ತಕರಾರಿಲ್ಲದೆ ನೋಡಿದವು. ದೆಹಲಿಯ ಏಕೈಕ ವಾಹಿನಿಯ ಕಾಲದ ಅನಿವಾರ್ಯ ಅದು. ಈಗ ಯೋಚಿಸಿದರೆ ಸಣ್ಣದೊಂದು ಮುಳ್ಳು ಚುಚ್ಚದಿರುವುದಿಲ್ಲ.

ಹಾಗಾದರೆ ಒಳಗೆ ಏನಿತ್ತು? ಒಂದು ಕಂತು ಇಪ್ಪತ್ತೆರಡು ನಿಮಿಷದ ಸುಮಾರು. ವಿಷ್ಣುವರ್ಧನ್ ನಟಿಸಿದ ‘ನಲವತ್ತೈದು ರೂಪಾಯಿ ಸಂಬಳ’ದ ಕಥೆ ನೋಡಿ. ಗುಮಾಸ್ತ ವೆಂಕಟರಾವ್ ಮಗಳಿಗೆ ಸಿನಿಮಾ ತೋರಿಸುವ ಮಾತು ಕೊಟ್ಟಿದ್ದಾನೆ. ಮಗು ಸಿಂಗರಿಸಿಕೊಂಡು ಕಾಯುತ್ತದೆ. ಆಫೀಸಿನಿಂದ ಬಿಡುಗಡೆ ಇಲ್ಲ. ಸಿಟ್ಟಿನಲ್ಲಿ ರಾಜೀನಾಮೆ ಬರೆದುಕೊಂಡು ಹೋದರೆ ಸಂಬಳ ಐದು ರೂಪಾಯಿ ಏರಿದ ಸುದ್ದಿ. ಕಾಗದ ಹರಿದು ಹಾಕುತ್ತಾನೆ. ಮನೆಗೆ ಬಂದಾಗ ಮಗು, ಹಾಕಿದ ಲಂಗ ತೆಗೆಯದೆ, ಮಲಗಿಬಿಟ್ಟಿದೆ. ಇದರಲ್ಲಿ ಹಿತ ಎಲ್ಲಿದೆ? ಮನಸ್ಸು ಹಿಂಡುವ ಕಥೆ. ಸಿಹಿ ತಿಂಡಿ ವ್ಯಾಪಾರಿ ಜಗನ್ನಾಗಿ ಅನಂತನಾಗ್ ಮಾಡಿದ್ದೂ ಮಗನನ್ನು ಕಳೆದುಕೊಳ್ಳುತ್ತಾ ಹೋಗುವ ಅಪ್ಪನ ಪಾತ್ರ. ಅಂಚೆಯವ ತಾಣಪ್ಪ ಇನ್ನೊಂದು ಬಗೆಯವನು. ಬೀದಿಯ ಪ್ರತಿ ಮನೆಯ ಕಷ್ಟ ಅವನಿಗೆ ಗೊತ್ತು. ಮದುವೆ ಮನೆಗೆ ಬಂದ ಸಾವಿನ ಸುದ್ದಿಯ ಕಾಗದವನ್ನು ಮದುವೆ ಮುಗಿಯುವ ತನಕ ಕೊಡದೆ ಇಟ್ಟುಕೊಳ್ಳುತ್ತಾನೆ, ಆಮೇಲೆ ತಾನೇ ಬಂದು ಒಪ್ಪಿಕೊಳ್ಳುತ್ತಾನೆ. ಅಂಚೆ ಇಲಾಖೆಯ ಕಾನೂನಿನಲ್ಲಿ ಅಪರಾಧ. ಬೀದಿಯ ಕಾನೂನಿನಲ್ಲಿ ಏನು ಎಂಬುದನ್ನು ಕಥೆ ಹೇಳುವುದಿಲ್ಲ.

ದುಃಖ ಇಲ್ಲದಿರುವುದರಿಂದ ಅಲ್ಲ, ದುಃಖಕ್ಕೂ ಆ ಬೀದಿಯಲ್ಲಿ ಮನೆ ನಂಬರ್ ಇರುವುದರಿಂದ ಈ ಧಾರಾವಾಹಿ ನೆಮ್ಮದಿ ಕೊಡುತ್ತಿತ್ತು. ವೆಂಕಟರಾವ್‌ನ ಸೋಲಿನ ವಾರ ಮುಗಿದರೆ ಮುಂದಿನ ವಾರ ಅದೇ ರಸ್ತೆಯಲ್ಲಿ ಬೇರೊಬ್ಬನ ಪೇಚಾಟ. ಅದೇ ಮುಖಗಳು ಬೇರೆ ವೇಷದಲ್ಲಿ ತಿರುಗಿ ಬರುತ್ತಿದ್ದವು. ರಮೇಶ್ ಭಟ್ ಎಷ್ಟು ಕಂತುಗಳಲ್ಲಿ ಎಷ್ಟು ಜನರಾದರು ಎಂದು ಲೆಕ್ಕ ಇಡುವುದೇ ಮಕ್ಕಳಿಗೆ ಆಟವಾಗಬಹುದಿತ್ತು. ಕಂಪನಿ ನಾಟಕ ನೋಡಿ ಬೆಳೆದ ತಲೆಮಾರಿಗೆ ಇದು ಹೊಸದೇನಲ್ಲ. ನಿನ್ನೆಯ ದುರ್ಯೋಧನ ಇಂದು ಸದಾರಮೆಯ ಕಳ್ಳನಾದರೆ ಅವರಿಗೆ ಅಡ್ಡಿ ಇರಲಿಲ್ಲ, ಖುಷಿಯೇ.

ಮಾಸ್ಟರ್ ಮಂಜುನಾಥನ ಸ್ವಾಮಿಯಂತೂ ಪ್ರತಿ ಸಲ ಸೋಲುತ್ತಾನೆ. ಲೆಕ್ಕದಲ್ಲಿ, ಕ್ರಿಕೆಟ್ಟಿನಲ್ಲಿ, ಧೈರ್ಯದಲ್ಲಿ. ಒಮ್ಮೆ ಕಳ್ಳನನ್ನು ಹಿಡಿದು ಹೀರೋ ಆಗುತ್ತಾನೆ. ಅದೂ ದೆವ್ವವೆಂದು ಹೆದರಿ ಕಾಲು ಕಚ್ಚಿದ್ದರಿಂದ. ‘ಸ್ವಾಮಿ ಅಂಡ್ ಫ್ರೆಂಡ್ಸ್’ನ ಕೊನೆಯಲ್ಲಿ ರಾಜಂ ಊರು ಬಿಟ್ಟು ಹೋಗುವಾಗ ನಿಲ್ದಾಣಕ್ಕೆ ಓಡಿ ಪುಸ್ತಕ ಕೊಡುತ್ತಾನೆ, ರಾಜಂ ಕ್ಷಮಿಸಿದನೋ ಇಲ್ಲವೋ ರೈಲಿನ ಸದ್ದಿನಲ್ಲಿ ತಿಳಿಯುವುದಿಲ್ಲ. ಸಂತೈಸುವ ಕಥೆಗೆ ಸುಖಾಂತ್ಯ ಬೇಕೆಂಬ ನಂಬಿಕೆಯನ್ನು ಮಾಲ್ಗುಡಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ನೋಡುವ ರೀತಿಯೂ ಹಿತದಲ್ಲಿ ಸೇರಿತ್ತು. ಮದ್ರಾಸು ದೂರದರ್ಶನ 1975ರ ಆಗಸ್ಟ್ 15ರಂದು ಶುರುವಾದಾಗಿನಿಂದ ನಗರದ ವಾರಕ್ಕೆ ಹೊಸ ಪಂಚಾಂಗವೊಂದು ಬಂದಿತ್ತು. ಶುಕ್ರವಾರ ಸಂಜೆ ಚಿತ್ರಗೀತೆಗಳ ‘ಒಳಿಯುಂ ಒಲಿಯುಂ’, ಭಾನುವಾರ ಸಂಜೆ ಸಿನಿಮಾ, ರೈತರಿಗೆ ‘ವಯಲುಂ ವಾಳ್ವುಂ’, ಪ್ರೇಕ್ಷಕರ ಪತ್ರಗಳಿಗೆ ‘ಎದಿರೊಲಿ’. ಟೀವಿ ಇದ್ದ ಮನೆಯ ಕಿಟಕಿಗೆ ಇಲ್ಲದ ಮನೆಯ ಮಕ್ಕಳು. ಮದ್ರಾಸಿನ ಕನ್ನಡದ ಮನೆಗಳಿಗೆ, ಟಿ. ನಗರದ ಕರ್ನಾಟಕ ಸಂಘದ ಸುತ್ತಲಿನವರಿಗೆ, ಉಡುಪಿ ಹೋಟೆಲುಗಳ ಕೆಲಸದವರಿಗೆ ಈ ಪಂಚಾಂಗದಲ್ಲಿ ಸ್ವಂತದ ಹಬ್ಬ ಕಡಿಮೆ. ಭಾನುವಾರ ಮಧ್ಯಾಹ್ನ ರಾಷ್ಟ್ರೀಯ ಜಾಲದಲ್ಲಿ ಪ್ರಾದೇಶಿಕ ಭಾಷೆಯ ಚಿತ್ರಗಳ ಸರದಿಯಲ್ಲಿ ಯಾವಾಗಲಾದರೂ ಕನ್ನಡದ್ದು ಬಂದರೆ ಬಂತು. ಅಂಥವರಿಗೆ ‘ಮಾಲ್ಗುಡಿ ಡೇಸ್’ ಊರಿಗೆ ಹೋಗಿಬಂದಂತೆ: ಮಾತು ಹಿಂದಿಯದಾದರೂ ಮಾಡು, ಅಂಗಳ, ತೋಟ ಎಲ್ಲ ತಮ್ಮ ಕಡೆಯವು.

ಆಮೇಲೆ ಮದ್ರಾಸೇ ಇದರ ತದ್ವಿರುದ್ಧದ ಟೀವಿಯನ್ನು ಕಟ್ಟಿತು. 1993ರ ಏಪ್ರಿಲ್ 14, ತಮಿಳು ವರ್ಷಾರಂಭದ ದಿನ ಸನ್ ಟೀವಿ ಬಂತು. 1994ರ ಜೂನ್ 1ಕ್ಕೆ ಅದೇ ಸಂಸ್ಥೆಯ ಉದಯ ಟೀವಿ. ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿಯ ಒಡೆತನ ಚೆನ್ನೈನದು. ವಾರದ ಧಾರಾವಾಹಿ ಹೋಗಿ ದಿನದ ಧಾರಾವಾಹಿ ಬಂತು. 1999ರ ಕೊನೆಗೆ ರಾಧಿಕಾ ಅವರ ‘ಚಿತ್ತಿ’ ಶುರುವಾದ ಮೇಲೆ ತಮಿಳುನಾಡಿನಲ್ಲಿ ರಾತ್ರಿಯ ಅಡುಗೆಯ ಹೊತ್ತೇ ಹಿಂದೆ ಮುಂದೆ ಆಯಿತು. ಐದು ಹೆಣ್ಣುಮಕ್ಕಳ ತಂದೆಯ ಕಥೆ ‘ಮೆಟ್ಟಿ ಒಲಿ’ 2002ರಿಂದ 2005ರ ತನಕ 800ಕ್ಕೂ ಹೆಚ್ಚು ಕಂತು, ‘ಕೋಲಂಗಳ್’ 1,500ಕ್ಕೂ ಹೆಚ್ಚು. ಪ್ರತಿ ದಿನ ಯಾರಾದರೂ ಅಳಬೇಕು, ಪ್ರತಿ ಶುಕ್ರವಾರ ಯಾರದಾದರೂ ಗುಟ್ಟು ರಟ್ಟಾಗುವ ಅಂಚಿಗೆ ಬಂದು ನಿಲ್ಲಬೇಕು. ಮಾಲ್ಗುಡಿಯ ಅಭಿಮಾನಿಗಳು ಇದನ್ನು ಕಂಡು ಮೂಗು ಮುರಿದರು. ಅಷ್ಟು ಸುಲಭವಾಗಿ ಮುರಿಯಬಾರದಿತ್ತು. ದಿನಾ ಒಂಬತ್ತೂವರೆಗೆ ಒಂದೇ ಅಡುಗೆಮನೆ, ಒಂದೇ ಸೋಫಾ, ಒಂದೇ ಅತ್ತೆ ಎದುರಾಗುವುದೂ ಒಂದು ಬಗೆಯ ಭರವಸೆಯೇ. ಕಥೆ ಎದೆ ಬಡಿದುಕೊಂಡರೂ ವೇಳಾಪಟ್ಟಿ ಸಮಾಧಾನ ಹೇಳುತ್ತಿತ್ತು.

ಇದಕ್ಕೆ ಪುರಾವೆ 2020ರಲ್ಲಿ ಸಿಕ್ಕಿತು. ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತು ವಾಹಿನಿಗಳ ಬಳಿ ಹೊಸ ಸರಕು ಖಾಲಿಯಾಯಿತು. ಮಾರ್ಚ್ 28ರಿಂದ ದೂರದರ್ಶನ ಹಳೆಯ ‘ರಾಮಾಯಣ’ ಹಾಕಿತು. ಸನ್ ಟೀವಿ ‘ಮೆಟ್ಟಿ ಒಲಿ’ಯನ್ನು ಹೊರತೆಗೆಯಿತು. ಒಂದು ಕಾಲದಲ್ಲಿ ಮುಂದೇನೋ ಎಂದು ಜನ ಉಸಿರು ಹಿಡಿದು ನೋಡಿದ್ದ ಅದೇ ಕಥೆ. ಈಗ ಮುಂದೇನು ಎಂಬುದು ಎಲ್ಲರಿಗೂ ಗೊತ್ತು. ಯಾವ ಮಗಳ ಮನೆ ಒಡೆಯುತ್ತದೆ, ಯಾವ ಅಳಿಯ ಹೇಗೆ ಮಾತಾಡುತ್ತಾನೆ, ಎಲ್ಲ ಗೊತ್ತು. ಗೊತ್ತಿದ್ದದ್ದರಿಂದಲೇ ನೋಡಿದರು. ಹೊರಗೆ ನಾಳೆ ಏನಾಗುತ್ತದೋ ತಿಳಿಯದ ದಿನಗಳಲ್ಲಿ ಇಲ್ಲಾದರೂ ನಾಳೆ ಏನೆಂದು ತಿಳಿದಿತ್ತು. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೇ ಡೆರಿಕ್ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಬೇರೆ ರೀತಿಯಲ್ಲಿ ಹೇಳಿತ್ತು: ಮನಸ್ಸು ದಣಿದಾಗ ಜನ ಹೊಸ ಕಥೆಗಿಂತ ಪರಿಚಿತ ಕಥಾಲೋಕಕ್ಕೆ ಮರಳುತ್ತಾರೆ, ಅದರಿಂದ ಚೇತರಿಸಿಕೊಳ್ಳುತ್ತಾರೆ. ನಾರ್ವೆ ದೇಶದ ಸರ್ಕಾರಿ ಟೀವಿ 2009ರಲ್ಲಿ ಬರ್ಗೆನ್‌ನಿಂದ ಓಸ್ಲೋಗೆ ಹೋಗುವ ರೈಲಿನ ಏಳು ಗಂಟೆಗಳ ಪ್ರಯಾಣವನ್ನು ಹಾಗೆಯೇ ಪ್ರಸಾರ ಮಾಡಿದಾಗ ಲಕ್ಷಾಂತರ ಜನ ಕೂತು ನೋಡಿದ್ದರು. ಕಥೆಯೇ ಇಲ್ಲ, ಹಳಿ, ಸುರಂಗ, ಹಿಮ, ನಿಲ್ದಾಣ. ಅದನ್ನು ಕಂಡಿದ್ದರೆ ನಾರಾಯಣ್ ಅವರಿಗೆ ಇಷ್ಟವಾಗುತ್ತಿತ್ತೇನೋ, ಊರಿಗಿಂತ ಮೊದಲು ರೈಲು ನಿಲ್ದಾಣ ಕಂಡವರು.

ಹಳೆಯದನ್ನು ಮತ್ತೆ ನೋಡುವುದು ಬೇರೆ, ಮತ್ತೆ ಮಾಡುವುದು ಬೇರೆ. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ‘ಮಾಲ್ಗುಡಿ ಡೇಸ್’ನ ಹೊಸ ಕಂತುಗಳು ದೂರದರ್ಶನದಲ್ಲಿ ಬಂದವು. ಕಥೆಗಳು ನಾರಾಯಣರವೇ, ಕೆಲಸದಲ್ಲಿ ಶ್ರದ್ಧೆಯೂ ಇತ್ತು. ಆದರೆ ರಿಮೋಟಿನಲ್ಲಿ ನೂರು ವಾಹಿನಿ ಇದ್ದ ಕಾಲ. ಇಡೀ ದೇಶ ಒಂದೇ ಹೊತ್ತಿಗೆ ಒಂದೇ ರಾಗ ಗುನುಗುವ ಸ್ಥಿತಿ ಮುಗಿದಿತ್ತು. ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಅಪಘಾತದಲ್ಲಿ ತೀರಿಕೊಂಡು ಆಗಲೇ ಹದಿನಾರು ವರ್ಷ. ನಾರಾಯಣ್ ಮುಪ್ಪಿನಲ್ಲಿ ಮೈಸೂರು ಬಿಟ್ಟು ಮದ್ರಾಸಿಗೆ ಮರಳಿದ್ದವರು, 2001ರ ಮೇ 13ರಂದು ಅಲ್ಲೇ ತೀರಿಕೊಂಡಿದ್ದರು. ಊರಿನ ಹೆಸರು ಆಗ ಚೆನ್ನೈ ಆಗಿತ್ತು. ವೈದ್ಯನಾಥನ್ 2007ರ ಮೇ ತಿಂಗಳಲ್ಲಿ ಹೋದರು.

ಮೈಸೂರಿನ ಯಾದವಗಿರಿಯಲ್ಲಿ ನಾರಾಯಣ್ ಕಟ್ಟಿಸಿದ ಮನೆ ಕೆಡವುವವರ ಕೈಯಿಂದ ಪಾರಾಗಿ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. 2020ರಲ್ಲಿ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆ ಇಲಾಖೆ ‘ಮಾಲ್ಗುಡಿ ಮ್ಯೂಸಿಯಂ’ ಮಾಡಿತು. ಕೆಲಸಕ್ಕೆ ಕರೆದದ್ದು ಮತ್ತೆ ಜಾನ್ ದೇವರಾಜ್ ಅವರನ್ನೇ. ಹಳೆಯ ರೈಲುಡಬ್ಬಿಯಲ್ಲಿ ಚಹಾ ಸಿಗುತ್ತದೆ. ಆಗುಂಬೆಯ ದೊಡ್ಡಮನೆಯ ಮುಂದೆ ಕಾರು ನಿಲ್ಲಿಸಿ ಇದೇ ಅಲ್ವಾ ಸ್ವಾಮಿಯ ಮನೆ ಎಂದು ಕೇಳುವವರು ಮಳೆಗಾಲದಲ್ಲೂ ಬರುತ್ತಾರೆ. ಅದೇ ಪ್ರಶ್ನೆಯನ್ನು ವೆಳ್ಳಾಳ ಬೀದಿಯಲ್ಲಿ ಕೇಳಲು ಹೊರಟವರು ಕಡಿಮೆ. ಪುರಸವಾಕ್ಕಂಗೆ ಜನ ಹೋಗುವುದು ಬಟ್ಟೆ, ಒಡವೆ ಕೊಳ್ಳಲು. ಅಜ್ಜಿಯನ್ನು ಹುಡುಕಲು ಯಾರೂ ಬಸ್ಸಿಳಿಯುವುದಿಲ್ಲ.